ಕಡ್ಡಾಯ ಅಕಾಡೆಮಿ ಪರಿವರ್ತನೆ (ಇಂಗ್ಲೆಂಡ್)

ಇಂಗ್ಲೆಂಡಿನಲ್ಲಿ ಸ್ಥಳೀಯ ಪ್ರಾಧಿಕಾರದ ಅಧೀನದಲ್ಲಿರುವ ಶಾಲೆಯೊಂದನ್ನು, ಅದರ ಆಡಳಿತ ಮಂಡಳಿಯ ಒಪ್ಪಿಗೆಯಿಲ್ಲದೆಯೂ, ಶಿಕ್ಷಣ ಸಚಿವರ ಆದೇಶದಿಂದ ಅಕಾಡೆಮಿಯಾಗಿ ಬದಲಾಯಿಸುವ ಕ್ರಮವೇ ಕಡ್ಡಾಯ ಅಕಾಡೆಮಿ ಪರಿವರ್ತನೆ. ಇಲ್ಲಿ ಅಕಾಡೆಮಿ ಎಂದರೆ ನಮ್ಮ ಸಾಹಿತ್ಯ ಅಕಾಡೆಮಿಯಂತಹ ಸಂಸ್ಥೆಯಲ್ಲ. ಕೇಂದ್ರ ಸರ್ಕಾರದಿಂದ ನೇರವಾಗಿ ಅನುದಾನ ಪಡೆದು ಟ್ರಸ್ಟ್ ಒಂದು ನಡೆಸುವ, ಶುಲ್ಕರಹಿತ ಶಾಲೆ.

ಹಿನ್ನೆಲೆ

2010ರ ಅಕಾಡೆಮಿಗಳ ಕಾಯ್ದೆಯಂತೆ ಆಡಳಿತ ಮಂಡಳಿಗಳು ತಾವಾಗಿಯೇ ಪರಿವರ್ತನೆಗೆ ಅರ್ಜಿ ಸಲ್ಲಿಸಬಹುದಾಗಿತ್ತು. ಹಿಂದುಳಿದ ಶಾಲೆಗಳಿಗೆ ಆದೇಶ ನೀಡುವ ಅಧಿಕಾರವೂ ಸಚಿವರಿಗಿತ್ತು. 2016ರ ಶಿಕ್ಷಣ ಮತ್ತು ದತ್ತುಸ್ವೀಕಾರ ಕಾಯ್ದೆಯು ಈ ಅಧಿಕಾರವನ್ನು ಕರ್ತವ್ಯವನ್ನಾಗಿ ಮಾರ್ಪಡಿಸಿತು. ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್ ‘ಅಸಮರ್ಪಕ’ವೆಂದು ತೀರ್ಮಾನಿಸಿದ ಶಾಲೆಗೆ ಸಚಿವರು ಆದೇಶ ಹೊರಡಿಸಲೇಬೇಕಾಯಿತು. ಪರಿವರ್ತನೆ ಬೇಕೇ ಬೇಡವೇ ಎಂದು ಪೋಷಕರ ಅಭಿಪ್ರಾಯ ಕೇಳುವ ಕಡ್ಡಾಯವೂ ಇಂತಹ ಶಾಲೆಗಳ ಮಟ್ಟಿಗೆ ಇಲ್ಲವಾಯಿತು.

ಆಡಳಿತ ಮಂಡಳಿಯ ಪಾತ್ರ

ಪೋಷಕರು, ಸಿಬ್ಬಂದಿ ಮತ್ತು ಸ್ಥಳೀಯ ಪ್ರತಿನಿಧಿಗಳಿರುವ ಈ ಮಂಡಳಿಯ ಸದಸ್ಯರು ಸಂಬಳವಿಲ್ಲದೆ ದುಡಿಯುವವರು. ಆದೇಶ ಬಂದ ಮೇಲೆ ಅವರ ಕೆಲಸದ ಸ್ವರೂಪವೇ ಬದಲಾಗುತ್ತದೆ: ನಿರ್ಧರಿಸುವವರು ಹಸ್ತಾಂತರಿಸುವವರಾಗುತ್ತಾರೆ. ಪರಿವರ್ತನೆಗೆ ಅನುಕೂಲವಾಗುವ ಎಲ್ಲ ಸಮಂಜಸ ಕ್ರಮಗಳನ್ನು ಮಂಡಳಿಯೂ ಸ್ಥಳೀಯ ಪ್ರಾಧಿಕಾರವೂ ಕೈಗೊಳ್ಳಬೇಕೆಂದು 2016ರ ಕಾಯ್ದೆ ವಿಧಿಸಿತು. ವಿಳಂಬವಾದರೆ ನಿರ್ದಿಷ್ಟ ಕೆಲಸವನ್ನು ಮಾಡುವಂತೆ ಸಚಿವರು ನಿರ್ದೇಶಿಸಬಹುದು. ಅದಕ್ಕೂ ಮಿಗಿಲಾಗಿ, ಮಂಡಳಿಯನ್ನೇ ತೆಗೆದು ಮಧ್ಯಂತರ ಕಾರ್ಯಕಾರಿ ಮಂಡಳಿಯನ್ನು ನೇಮಿಸಲು ಅವಕಾಶವಿದೆ.

ಹಾಗೆಂದು ಮಂಡಳಿಗೆ ಮಾಡಲು ಏನೂ ಉಳಿಯುವುದಿಲ್ಲ ಎನ್ನಲಾಗದು. ಶಾಲೆಯನ್ನು ವಹಿಸಿಕೊಳ್ಳುವ ಟ್ರಸ್ಟ್‌ನ ಆಯ್ಕೆ ಸರ್ಕಾರದ್ದಾದರೂ, ಆ ಟ್ರಸ್ಟ್‌ನ ಹಣಕಾಸು, ಇತರ ಶಾಲೆಗಳ ಸ್ಥಿತಿ, ಪಠ್ಯಕ್ರಮದ ಯೋಜನೆಗಳ ಬಗ್ಗೆ ಮಂಡಳಿ ಪ್ರಶ್ನಿಸಬಹುದು. ಸಿಬ್ಬಂದಿಯ ಸೇವಾ ಷರತ್ತುಗಳು 2006ರ ಉದ್ಯೋಗ ವರ್ಗಾವಣೆ ನಿಯಮಗಳ ಅನ್ವಯ ಹೊಸ ಸಂಸ್ಥೆಗೆ ಹಾಗೆಯೇ ಸಾಗುತ್ತವೆ. ಪ್ರಾಧಿಕಾರದ ಜಮೀನನ್ನು ಸಾಮಾನ್ಯವಾಗಿ 125 ವರ್ಷಗಳ ಗುತ್ತಿಗೆಗೆ ಕೊಡಲಾಗುತ್ತದೆ. ಶಾಲೆಯ ಕೊರತೆ ಬಜೆಟ್ ಮಾತ್ರ ಹಳೆಯ ಪ್ರಾಧಿಕಾರದ ತಲೆಯ ಮೇಲೆಯೇ ಉಳಿಯುತ್ತದೆ; ಸ್ಥಳೀಯ ಪ್ರಾಧಿಕಾರಗಳಿಗೆ ಇದು ಚಿಕ್ಕ ಹೊರೆಯಲ್ಲ. ಪರಿವರ್ತನೆಯ ದಿನ ಹಳೆಯ ಮಂಡಳಿ ವಿಸರ್ಜನೆಗೊಳ್ಳುತ್ತದೆ. ನಂತರ ಸ್ಥಳೀಯ ಸಮಿತಿಯೊಂದು ಇದ್ದರೂ ಅದಕ್ಕಿರುವುದು ಟ್ರಸ್ಟ್ ವಹಿಸಿಕೊಟ್ಟಷ್ಟೇ ಅಧಿಕಾರ.

ಡೌನ್‌ಹಿಲ್ಸ್ ಪ್ರಕರಣ

ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿದ್ದ ಡೌನ್‌ಹಿಲ್ಸ್ ಪ್ರಾಥಮಿಕ ಶಾಲೆಯ ಮಂಡಳಿ ಪರಿವರ್ತನೆಯನ್ನು ವಿರೋಧಿಸಿತು. ಅನೇಕ ಪೋಷಕರೂ ಜೊತೆಗೂಡಿದರು. 2012ರ ಮಾರ್ಚ್‌ನಲ್ಲಿ ಸಚಿವ ಮೈಕೆಲ್ ಗೋವ್ ಮಂಡಳಿಯನ್ನು ವಜಾಗೊಳಿಸಿ ಮಧ್ಯಂತರ ಮಂಡಳಿಯನ್ನು ನೇಮಿಸಿದರು. ನ್ಯಾಯಾಲಯದಲ್ಲಿಯೂ ವಿರೋಧಿಗಳಿಗೆ ಜಯ ಸಿಗಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಶಾಲೆಯು ಹ್ಯಾರಿಸ್ ಫೆಡರೇಷನ್ನಿನ ಅಕಾಡೆಮಿಯಾಯಿತು.

ನಂತರದ ಬೆಳವಣಿಗೆ

ಎಲ್ಲ ಶಾಲೆಗಳನ್ನೂ ಅಕಾಡೆಮಿಗಳನ್ನಾಗಿಸುವ ಯೋಜನೆಯನ್ನು ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ರಕಟಿಸಿ, ತೀವ್ರ ವಿರೋಧದ ಕಾರಣ ಮೇ ತಿಂಗಳಲ್ಲಿಯೇ ಕೈಬಿಟ್ಟಿತು. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಕ್ಕಳ ಕ್ಷೇಮ ಮತ್ತು ಶಾಲೆಗಳ ಮಸೂದೆಯು, ಆದೇಶ ಹೊರಡಿಸುವುದನ್ನು ಮತ್ತೆ ಸಚಿವರ ವಿವೇಚನೆಗೆ ಬಿಡುವಂತೆ ಪ್ರಸ್ತಾಪಿಸಿತು.