ಪಿತ್ರಾರ್ಜಿತದ ಋಣ

ಅಜ್ಜ ನೆಟ್ಟ ಮಾವಿನ ಹಣ್ಣನ್ನು ಮೊಮ್ಮಕ್ಕಳು ತಿನ್ನುವುದು ಲೋಕರೂಢಿ. ಅದನ್ನು ತಪ್ಪೆನ್ನುವವರಿಲ್ಲ. ಆದರೆ ಒಂದು ಮರ ತೋಪಾಗಿ, ತೋಪು ಸೀಮೆಯನ್ನೆಲ್ಲ ಆವರಿಸಿ, ಬೇಲಿಯಾಚೆ ನಿಂತವರಿಗೆ ನೆರಳೂ ದಕ್ಕದಂತಾದರೆ, ಹಣ್ಣು ತಿನ್ನುವವರ ಹೊಣೆಯೇನು?

ಈ ಪ್ರಶ್ನೆಯನ್ನು ಸಿರಿವಂತರ ಮನೆಯ ತರುಣಿಯೊಬ್ಬಳು ತನಗೆ ತಾನೇ ಹಾಕಿಕೊಂಡಳು. ಆಕೆ ಆಸ್ಟ್ರಿಯ ದೇಶದ ಮಾರ್ಲೆನೆ ಎಂಗೆಲ್‌ಹಾರ್ನ್, ಹುಟ್ಟಿದ್ದು 1992ರಲ್ಲಿ. ಜರ್ಮನಿಯ ಹೆಸರಾಂತ ಬಿಎಎಸ್‌ಎಫ್ ರಸಾಯನ ಕಾರ್ಖಾನೆಯನ್ನು 1865ರಲ್ಲಿ ಸ್ಥಾಪಿಸಿದ ಫ್ರೀಡ್ರಿಖ್ ಎಂಗೆಲ್‌ಹಾರ್ನನ ವಂಶದವಳು. ಈ ಮನೆತನದ ಔಷಧೋದ್ಯಮ 1997ರಲ್ಲಿ ಸುಮಾರು 1,100 ಕೋಟಿ ಡಾಲರುಗಳಿಗೆ ಮಾರಾಟವಾಗಿತ್ತು. 2022ರಲ್ಲಿ ಅಜ್ಜಿ ತೀರಿಕೊಂಡಾಗ ಮೊಮ್ಮಗಳಿಗೆ ಕೋಟಿಗಟ್ಟಲೆ ಯೂರೋಗಳ ಪಾಲು ಬಂದಿತು.

ಆ ದೇಶದಲ್ಲಿ ಉತ್ತರಾಧಿಕಾರದ ತೆರಿಗೆ 2008ರಲ್ಲಿಯೇ ರದ್ದಾಗಿತ್ತು. ರಾತ್ರಿಯೆಲ್ಲ ದುಡಿಯುವ ದಾದಿ ತನ್ನ ಸಂಬಳದಲ್ಲಿ ತೆರಿಗೆ ತೆರಬೇಕು. ಬೆರಳೂ ಅಲುಗಿಸದೆ ಬಂದ ಐಶ್ವರ್ಯಕ್ಕೆ ಕಾಸಿನ ತೆರಿಗೆಯೂ ಇಲ್ಲ! ಈ ಅನ್ಯಾಯ ಆಕೆಯನ್ನು ಚುಚ್ಚಿತು.

ದಾನ ಮಾಡಿ ಕೀರ್ತಿ ಪಡೆಯುವ ದಾರಿ ತೆರೆದೇ ಇತ್ತು. ಆದರೆ ದಾನದಲ್ಲಿ ಕೊಡುವವನೇ ಯಜಮಾನ. ಆಸ್ಪತ್ರೆ ಬೇಕೆ, ಛತ್ರ ಬೇಕೆ ಎಂಬುದನ್ನು ತೀರ್ಮಾನಿಸುವವನೂ ಅವನೇ. ಗೋಡೆಯ ಕಲ್ಲಿನ ಮೇಲೆ ಉಳಿಯುವುದೂ ಅವನ ಹೆಸರೇ. ಹಣವನ್ನು ಬಿಟ್ಟರೂ ಯಜಮಾನಿಕೆ ಬಿಡುವುದಿಲ್ಲ. ಮಾರ್ಲೆನೆ ಅದನ್ನೂ ಬಿಡಲು ನಿಶ್ಚಯಿಸಿದಳು.

2024ರ ಜನವರಿಯಲ್ಲಿ, 16 ವರ್ಷ ತುಂಬಿದ 10,000 ಮಂದಿಗೆ ಕರೆಯೋಲೆಗಳು ಹೋದವು. ಹೆಸರುಗಳನ್ನು ಆರಿಸಿದ್ದು ಚೀಟಿ ಎತ್ತಿದಂತೆ. ಒಪ್ಪಿ ಬಂದವರಲ್ಲಿ ವಯಸ್ಸು, ವರಮಾನ, ಪ್ರಾಂತಗಳನ್ನು ನೋಡಿ 50 ಮಂದಿಯ ಸಭೆ ರಚಿತವಾಯಿತು. ಸಾಲ್ಜ್‌ಬರ್ಗ್ ನಗರದಲ್ಲಿ ಆರು ವಾರಾಂತ್ಯಗಳಲ್ಲಿ ಅವರು ಸೇರಿ ಚರ್ಚಿಸಿದರು. ಪ್ರತಿ ವಾರಾಂತ್ಯಕ್ಕೆ ತಲಾ 1,200 ಯೂರೋ ಗೌರವಧನ. ಅವರು ಹಂಚಬೇಕಾಗಿದ್ದುದು ಎರಡೂವರೆ ಕೋಟಿ ಯೂರೋ. ತೀರ್ಮಾನವನ್ನು ತಳ್ಳಿಹಾಕುವ ಹಕ್ಕನ್ನು ಆಕೆ ಉಳಿಸಿಕೊಳ್ಳಲಿಲ್ಲ.

ಜೂನ್ ತಿಂಗಳಲ್ಲಿ ಪಟ್ಟಿ ಹೊರಬಿತ್ತು. ಬಡವರ ವಸತಿ, ಆರೋಗ್ಯ, ಹೆಂಗಸರ ರಕ್ಷಣೆ, ಪ್ರಕೃತಿ ಸಂರಕ್ಷಣೆ ಮೊದಲಾದ ಕಾರ್ಯಗಳಲ್ಲಿ ತೊಡಗಿದ 77 ಸಂಸ್ಥೆಗಳಿಗೆ ಹಣ ಸಂದಿತು.

ಒಬ್ಬಳ ತ್ಯಾಗದಿಂದ ಲೋಕದ ದಾರಿದ್ರ್ಯ ನೀಗುವುದೆ ಎಂದು ವಾಚಕರು ಕೇಳಬಹುದು. ನೀಗುವುದಿಲ್ಲ. ಅದನ್ನು ಆಕೆಯೂ ಬಲ್ಲಳು. ಸಿರಿವಂತರ ಮನಸ್ಸು ಕರಗುವವರೆಗೆ ಸಮಾಜ ಕಾಯಬೇಕಾಗಬಾರದು, ಕಾನೂನೇ ತೆರಿಗೆ ವಿಧಿಸಬೇಕು ಎಂಬುದು ಆಕೆಯ ವಾದ.

ಕಾನೂನಿನ ದಾರಿಯೂ ಸುಗಮವಲ್ಲ. ನಮ್ಮ ದೇಶದಲ್ಲಿ ಮೃತರ ಆಸ್ತಿಯ ಮೇಲೆ ಎಸ್ಟೇಟ್ ಸುಂಕ 1953ರಲ್ಲಿ ಜಾರಿಗೆ ಬಂದು, ಒಂದು ಕಾಲಕ್ಕೆ ದೊಡ್ಡ ಆಸ್ತಿಗಳ ಮೇಲೆ ಶೇಕಡ 85ರವರೆಗೆ ಏರಿತ್ತು. ವಸೂಲಾದದ್ದು ಅಲ್ಪ, ತಗಾದೆ ಬಹಳ ಎಂದು 1985ರಲ್ಲಿ ಅದನ್ನು ತೆಗೆದುಹಾಕಲಾಯಿತು.

ಸುಂಕ ಹೋಯಿತು, ಋಣ ಹೋಯಿತೆ? ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಮನುಷ್ಯರ ಋಣವನ್ನೂ ಶತಪಥ ಬ್ರಾಹ್ಮಣ ಎಣಿಸಿದೆ. ಯಾವ ಕಾರ್ಖಾನೆಯನ್ನೂ ಒಬ್ಬನೇ ಕಟ್ಟಿದ್ದಿಲ್ಲ. ಸಾವಿರಾರು ಕೈಗಳು ದುಡಿದದ್ದನ್ನು ಉಯಿಲಿನ ಒಂದು ಹಾಳೆ ಒಬ್ಬರ ಹೆಸರಿಗೆ ಬರೆಯುತ್ತದೆ. ಆಸ್ತಿಯೊಡನೆ ಆ ಋಣವೂ ವಾರಸುದಾರರ ಪಾಲಿಗೆ ಬರುತ್ತದೆಂಬುದನ್ನು ನಮ್ಮ ಮಕ್ಕಳಿಗೂ ತಿಳಿಸಬೇಕು.