ಇಂಡಿಯಾದ ಹೆಸರು ಹೊತ್ತ ಕೋಳಿ

ಇಂಗ್ಲಿಷಿನಲ್ಲಿ ‘ಟರ್ಕಿ’ ಎಂದು ಹೆಸರಾದ ದೊಡ್ಡ ಕೋಳಿಯನ್ನು ನಮ್ಮಲ್ಲಿಯೂ ಕೆಲವರು ಸಾಕುವುದುಂಟು. ಅದರ ಗಂಡು ನವಿಲಿನಂತೆ ಬಾಲವನ್ನು ಬಿಚ್ಚಿ ಮೆರೆಯುತ್ತದೆ. ಫ್ರೆಂಚ್ ಭಾಷೆಯಲ್ಲಿ ಈ ಜಾತಿಯ ಹೆಣ್ಣಿಗೆ ‘ದ್ಯಾಂದ್’ ಎಂದು ಹೆಸರು. ಪದವನ್ನು ಬಿಡಿಸಿದರೆ, ಮೊದಲಿನ ದಕಾರವು ನಮ್ಮ ಷಷ್ಠೀ ವಿಭಕ್ತಿಯ ಅರ್ಥವನ್ನು ಕೊಡುವ ಅವ್ಯಯ. ಉಳಿದುದು ಇಂಡಿಯಾದ ಹೆಸರು. ಪೂರ್ವದಲ್ಲಿ ‘ಪೂಲ್ ದ್ಯಾಂದ್’, ಎಂದರೆ ‘ಇಂಡಿಯಾದ ಕೋಳಿ’, ಎಂಬ ಪ್ರಯೋಗವಿದ್ದಿತು. ಕಾಲಕ್ರಮದಲ್ಲಿ ‘ಕೋಳಿ’ ಎಂಬ ವಿಶೇಷ್ಯವು ಲೋಪವಾಗಿ, ‘ಇಂಡಿಯಾದ’ ಎಂಬ ವಿಶೇಷಣವೇ ಹಕ್ಕಿಯ ಹೆಸರಾಗಿ ನಿಂತಿತು.

ಇದನ್ನು ಕೇಳಿ, ‘ಹಕ್ಕಿಯು ನಮ್ಮ ನಾಡಿನಿಂದಲೇ ಹೋದುದು’ ಎಂದು ಯಾರಾದರೂ ಹಿಗ್ಗಿದರೆ ಆಶ್ಚರ್ಯವಿಲ್ಲ. ಆದರೆ ಅದರ ತೌರುಮನೆ ಅಮೆರಿಕ. ಮೆಕ್ಸಿಕೋವಿನ ಮೂಲ ನಿವಾಸಿಗಳು ಬಹು ಪ್ರಾಚೀನ ಕಾಲದಿಂದಲೂ ಅದನ್ನು ಸಾಕುತ್ತಿದ್ದರು. 1492ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿ, ತಾನು ಇಂಡಿಯಾದ ಕಡೆಗೆ ಬಂದು ಮುಟ್ಟಿದೆನೆಂದು ನಂಬಿದನಷ್ಟೆ. ಆ ಭ್ರಾಂತಿಯು ತೊಲಗಿದ ಮೇಲೆಯೂ ಆ ಸೀಮೆಗೆ ಇಂಡಿಯಾದ ಹೆಸರು ಉಳಿಯಿತು. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಸ್ಪೇನಿನವರು ಈ ಹಕ್ಕಿಯನ್ನು ಯೂರೋಪಿಗೆ ತಂದರು. ಫ್ರೆಂಚರಾದರೋ ಅದಕ್ಕೆ ಮೊದಲೇ ಆಫ್ರಿಕದ ಗಿನಿಕೋಳಿಯನ್ನು ‘ಇಂಡಿಯಾದ ಕೋಳಿ’ ಎನ್ನುತ್ತಿದ್ದರು. ಆ ಹಳೆಯ ಹೆಸರೇ ಹೊಸ ಅತಿಥಿಗೆ ಸಂದಿತು.

ಲ್ಯಾಟಿನಿನಿಂದ ಹುಟ್ಟಿದ ಇತರ ಕೆಲವು ಭಾಷೆಗಳ ಮಾರ್ಗ ಬೇರೆ. ಸ್ಪೇನಿನವರು ನವಿಲಿಗಿದ್ದ ‘ಪಾವೊ’ ಎಂಬ ಹೆಸರನ್ನು ಇದಕ್ಕೆ ಕೊಟ್ಟುಬಿಟ್ಟು, ನಿಜವಾದ ನವಿಲನ್ನು ‘ಪಾವೊ ರೆಯಾಲ್’, ಎಂದರೆ ‘ರಾಜನವಿಲು’, ಎಂದು ಕರೆಯಬೇಕಾಯಿತು. ಪೋರ್ಚುಗೀಸರು ಇದನ್ನು ‘ಪೆರು’ ಎಂದರು; ಪೆರು ದೇಶವೂ ಇದರ ಜನ್ಮಭೂಮಿಯಲ್ಲ. ಇಂಗ್ಲಿಷರು ತುರ್ಕರ ಹೆಸರಿಟ್ಟ ಹಕ್ಕಿಯನ್ನು ತುರ್ಕರು ‘ಹಿಂದಿ’ ಎನ್ನುವುದು ಇನ್ನೂ ವಿನೋದ.

ಹಾಗಾದರೆ ಈ ‘ಇಂಡಿಯಾದ ಕೋಳಿ’ ಇಂಡಿಯಾಕ್ಕೆ ಬಂದಾಗ ಏನಾಯಿತು? 1612ರಲ್ಲಿ ಮುಕರ್ರಬ್ ಖಾನನೆಂಬ ಅಧಿಕಾರಿಯು ಗೋವೆಯಿಂದ ಅನೇಕ ಅಪೂರ್ವ ವಸ್ತುಗಳನ್ನು ಮೊಗಲ ಬಾದಷಹ ಜಹಾಂಗೀರನಿಗೆ ತಂದೊಪ್ಪಿಸಿದನು. ಅವುಗಳಲ್ಲಿ ಈ ಹಕ್ಕಿಯೂ ಒಂದು. ಅದರ ತಲೆಯೂ ಕತ್ತೂ ಕ್ಷಣಕ್ಷಣಕ್ಕೆ ಬಣ್ಣ ಬದಲಿಸುವುದನ್ನು ಬಾದಷಹನು ತನ್ನ ಆತ್ಮವೃತ್ತಾಂತದಲ್ಲಿ ಬೆರಗಿನಿಂದ ವರ್ಣಿಸಿದ್ದಾನೆ. ಆಸ್ಥಾನದ ಚಿತ್ರಕಾರ ಮನ್ಸೂರನು ಅದರ ಚಿತ್ರವನ್ನು ಬರೆದನು. ಅಂತಹ ಪ್ರಾಣಿಗಳನ್ನು ತಾನು ಹಿಂದೆ ಕಂಡಿರಲಿಲ್ಲವೆಂದೂ ಅವುಗಳ ಹೆಸರೇ ಯಾರಿಗೂ ತಿಳಿದಿರಲಿಲ್ಲವೆಂದೂ ಅವನ ಮಾತು. ಫ್ರಾನ್ಸಿನಲ್ಲಿ ಇಂಡಿಯಾದ ಹೆಸರಿನಿಂದ ಪ್ರಸಿದ್ಧವಾಗಿದ್ದ ಹಕ್ಕಿಯು ಇಂಡಿಯಾದಲ್ಲಿಯೇ ಹೆಸರಿಲ್ಲದ ಪರದೇಶಿಯಾಗಿ ಬಂದು ನಿಂತಿತು!

ನಮ್ಮ ಶಾಸ್ತ್ರಕಾರರು ಶಬ್ದಾರ್ಥದಲ್ಲಿ ಯೋಗ, ರೂಢಿ ಎಂಬ ಭೇದವನ್ನು ಹೇಳಿ, ಯೋಗಕ್ಕಿಂತ ರೂಢಿಯೇ ಬಲವತ್ತರವೆಂದು ನಿರ್ಣಯಿಸಿದ್ದಾರೆ. ‘ಕುಶಲ’ ಎಂಬುದರ ಯೋಗಾರ್ಥವು ದರ್ಭೆಯನ್ನು ತರುವವನು ಎಂದು. ಆದರೂ ದರ್ಭೆಯನ್ನೇ ಕಾಣದ ಬಡಗಿಯನ್ನು ನಾವು ಕುಶಲನೆಂದು ಹೊಗಳುತ್ತೇವೆ. ‘ದ್ಯಾಂದ್’ ಎಂಬಲ್ಲಿಯೂ ಹಾಗೆಯೇ. ಪದದ ವ್ಯುತ್ಪತ್ತಿಯು ಹೆಸರಿಟ್ಟವರ ನಂಬಿಕೆಗೆ ಸಾಕ್ಷಿಯೇ ಹೊರತು ವಸ್ತುವಿನ ಹುಟ್ಟಿಗೆ ಸಾಕ್ಷಿಯಲ್ಲ.

ದೂರದ ಫ್ರಾನ್ಸಿಗೆ ಹೋಗಿ ಇದನ್ನು ಕಲಿಯಬೇಕಾದುದೂ ಇಲ್ಲ. ‘ಮೆಣಸಿನಕಾಯಿ’ ಎಂಬ ಹೆಸರಿನಲ್ಲಿರುವ ಮೆಣಸು ನಮ್ಮ ಮಲೆನಾಡಿನದು. ಕಾಯಿಯಾದರೋ ಅದೇ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಬಂದ ಅಮೆರಿಕದ ಬೆಳೆ. ಹೊಸದನ್ನು ಕಂಡಾಗ ಜನರು ಪರಿಚಿತವಾದುದರ ಹೆಸರನ್ನೇ ಅದಕ್ಕಿಡುವರು. ಆದ್ದರಿಂದ ಮನೆಯ ಮಕ್ಕಳು ಒಂದು ಪದಾರ್ಥವು ಎಲ್ಲಿಯದೆಂದು ಕೇಳಿದಾಗ, ಅದರ ಹೆಸರನ್ನು ಬಿಡಿಸಿ ಹೇಳುವುದರೊಡನೆ ಅದರ ಚರಿತ್ರೆಯನ್ನೂ ವಿಚಾರಿಸಿ ಹೇಳುವುದು ಒಳ್ಳೆಯದು.