ಮೋಟಾರಿಗೆ ಮನೆಯಲ್ಲಿಯೇ ಬಣ್ಣ



ಮುಂಬಯಿಯ ಬೀದಿಗಳಲ್ಲಿ ಒಂದು ಕಾಲಕ್ಕೆ ಎತ್ತ ನೋಡಿದರತ್ತ ಕಾಣುತ್ತಿದ್ದ ಪ್ರೀಮಿಯರ್ ಪದ್ಮಿನಿ ಎಂಬ ಮೋಟಾರನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಕುರ್ಲಾದ ಕಾರಖಾನೆಯಲ್ಲಿ ತಯಾರಾಗಿ, ಕರಿಯ ಮೈ ಹಳದಿ ನೆತ್ತಿಯ ಟ್ಯಾಕ್ಸಿಯಾಗಿ ಊರೆಲ್ಲ ಸುತ್ತಿದ ಆ ಗಾಡಿಗಳ ಟ್ಯಾಕ್ಸಿ ಸೇವೆಯು 2023ರ ಅಕ್ಟೋಬರ್ ತಿಂಗಳಿಗೆ ಮುಗಿಯಿತು. ಖಾಸಗಿ ಒಡೆತನದ ಕೆಲವು ಮಾತ್ರ ಅಲ್ಲಲ್ಲಿ ಉಳಿದುಕೊಂಡಿವೆ. ಅಂಥದೊಂದು ಕೆನೆಬಣ್ಣದ ಗಾಡಿಯು ನಮ್ಮ ಚಾಳಿನ ಅಂಗಳದಲ್ಲಿ ನಿಂತಿದೆ. ಅದರ ಒಡೆಯರು ವಿಜಾಪುರದ ಕಡೆಯಿಂದ ಬಂದು ಇಲ್ಲಿಯೇ ನೆಲೆನಿಂತ ಹಿರಿಯರು. ಚಾಳಿನವರೆಲ್ಲರಿಗೂ ಅವರು ಕಾಕಾ.

ಖಾಸಗಿ ಮೋಟಾರಿಗೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ಅದನ್ನು ತಪಾಸಣೆಗೆ ಒಪ್ಪಿಸಿ ನೋಂದಣಿಯನ್ನು ಹೊಸದು ಮಾಡಿಸಿಕೊಳ್ಳಬೇಕಾಗುತ್ತದೆ. ಕಾಕಾ ಅವರ ಗಾಡಿಯ ಅವಧಿಯು ಮುಗಿಯುತ್ತ ಬಂದಿತ್ತು. ಎಂಜಿನ್ನು ಚೆನ್ನಾಗಿಯೇ ಇತ್ತು; ಮೈ ಮಾತ್ರ ಕೆಟ್ಟಿತ್ತು. ಬಾಗಿಲುಗಳ ಕೆಳಗಂಚು, ಚಕ್ರಗಳ ಮೇಲಿನ ಕಮಾನು, ಎಲ್ಲೆಲ್ಲೂ ತುಕ್ಕು. ಗ್ಯಾರೇಜಿನವರು ತುಕ್ಕು ತೆಗೆದು ಬಣ್ಣ ಹೊಡೆಯಲು ನಲವತ್ತು ಸಾವಿರ ರೂಪಾಯಿ ಕೇಳಿದರು.

“ಮಾಸ್ತರ, ಗಾಡಿಗಿಂತ ಬಣ್ಣಕ್ಕ ರೊಕ್ಕ ಜಾಸ್ತಿ ಆಗ್ತದ. ಗುಜರಿಯವಗ ಬಾ ಅಂತ ಹೇಳೀನಿ,” ಎಂದು ಕಾಕಾ ಒಂದು ಸಂಜೆ ನಮ್ಮೊಡನೆ ಹೇಳಿದರು. ಹೇಳುವಾಗ ಅವರು ಗಾಡಿಯ ಕಡೆಗೆ ನೋಡಲಿಲ್ಲ.

ದೀಪಾವಳಿಯ ರಜೆಯು ಎದುರಿಗಿತ್ತು. ಗುಜರಿಯವನನ್ನು ಒಂದು ತಿಂಗಳು ತಡೆಯಿರಿ ಎಂದು ಕಾಕಾ ಅವರನ್ನು ಒಪ್ಪಿಸಿ, ಗೋಡೆಗೆ ಬಣ್ಣ ಬಳಿಯುವ ರೋಲರಿನಿಂದಲೇ ನಾವು ಆ ಮೋಟಾರಿಗೆ ಬಣ್ಣ ಬಳಿದೆವು. ಅದು ಹೇಗೆ ಸಾಧ್ಯವಾಯಿತು, ಎಲ್ಲಿ ನಾವು ಎಡವಿದೆವು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೋಟಾರಿಗೆ ರೋಲರಿನಿಂದ ಬಣ್ಣವೆಂದರೆ ಕೇಳಿದವರು ನಗುತ್ತಾರೆ. ನಮ್ಮ ಚಾಳಿನವರೂ ನಕ್ಕರು. ಆದರೆ ಸಿಂಪಡಿಸುವ ಯಂತ್ರವು ಬರುವುದಕ್ಕೆ ಮೊದಲು ಮೋಟಾರುಗಳಿಗೆ ಬಣ್ಣವನ್ನು ಬಳಿಯುತ್ತಿದ್ದುದು ಕುಂಚದಿಂದಲೇ! ಕುದುರೆಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದ ಕುಶಲಿಗಳೇ ಮೊದಮೊದಲಿನ ಮೋಟಾರುಗಳಿಗೂ ಎಣ್ಣೆಬಣ್ಣ ಮತ್ತು ವಾರ್ನಿಷುಗಳನ್ನು ಪದರದ ಮೇಲೆ ಪದರವಾಗಿ ಬಳಿದು, ಉಜ್ಜಿ, ಮತ್ತೆ ಬಳಿಯುತ್ತಿದ್ದರು. ಒಂದು ಗಾಡಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ದಿನಕ್ಕೆ ನೂರಾರು ಗಾಡಿಗಳನ್ನು ತಯಾರಿಸುವ ಕಾರಖಾನೆಗಳಿಗೆ ಇಷ್ಟು ಸಮಯವೆಲ್ಲಿಯದು? ಅಮೆರಿಕೆಯ ಡ್ಯುಪಾಂಟ್ ಸಂಸ್ಥೆಯು 1923ರಲ್ಲಿ ‘ಡ್ಯೂಕೊ’ ಎಂಬ ಹೊಸ ಬಣ್ಣವನ್ನು ಹೊರತಂದಾಗ ಈ ತೊಡಕು ಬಿಡಿಸಿತು. ಅದು ಕೆಲವೇ ನಿಮಿಷಗಳಲ್ಲಿ ಒಣಗುತ್ತಿತ್ತು. ಇಂದಿಗೂ ನಮ್ಮಲ್ಲಿ ಬಣ್ಣದ ಕೆಲಸದವರು ಅಂಥ ಬಣ್ಣವನ್ನೆಲ್ಲ ಡ್ಯೂಕೊ ಎಂದೇ ಕರೆಯುತ್ತಾರೆ. ಆದರೆ ಇಷ್ಟು ಬೇಗ ಒಣಗುವ ಬಣ್ಣವನ್ನು ಕುಂಚದಿಂದ ಬಳಿಯಲು ಹೋದರೆ, ಒಂದು ಎಳೆತ ಮುಗಿಯುವ ಮೊದಲೇ ಅದು ಗಟ್ಟಿಯಾಗಿ ಗೀರುಗಳೆಲ್ಲ ಹಾಗೆಯೇ ನಿಲ್ಲುತ್ತವೆ. ಆದುದರಿಂದ ಅದನ್ನು ಗಾಳಿಯ ಒತ್ತಡದಿಂದ ಸಿಂಪಡಿಸಬೇಕಾಯಿತು. ಸಿಂಪಡಿಕೆಯನ್ನು ಬೇಡಿದ್ದು ಮೋಟಾರಲ್ಲ, ಆ ಬಣ್ಣ. ನಿಧಾನವಾಗಿ ಒಣಗುವ ಬಣ್ಣವನ್ನು ಆರಿಸಿಕೊಂಡರೆ ರೋಲರೂ ಸಾಕಾಗುತ್ತದೆ.

ಅಂಥ ಬಣ್ಣವು ಪ್ರತಿಯೊಂದು ಹಾರ್ಡ್‌ವೇರ್ ಅಂಗಡಿಯಲ್ಲಿಯೂ ದೊರೆಯುತ್ತದೆ. ಕಿಟಕಿಯ ಸರಳುಗಳಿಗೂ ಬಾಗಿಲುಗಳಿಗೂ ಬಳಿಯುವ ಸಿಂಥೆಟಿಕ್ ಎನಾಮೆಲ್ ಅದು. ಡ್ಯೂಕೊ ಒಣಗುವುದೂ ಎನಾಮೆಲ್ ಒಣಗುವುದೂ ಒಂದೇ ಬಗೆಯಲ್ಲ. ಡ್ಯೂಕೊದಲ್ಲಿರುವ ದ್ರಾವಕವು ಆವಿಯಾಗಿ ಹೋದರೆ ಕೆಲಸ ಮುಗಿಯಿತು. ಅದೇ ದ್ರಾವಕವನ್ನು ಮತ್ತೆ ಸವರಿದರೆ ಬಣ್ಣವು ಪುನಃ ಕರಗುತ್ತದೆ. ಎನಾಮೆಲಿನಲ್ಲಿ ಟರ್ಪೆಂಟೈನ್ ಆವಿಯಾಗುವುದು ಮೊದಲ ಹಂತ ಮಾತ್ರ. ಬಳಿಕ ಅದರೊಳಗಿನ ಎಣ್ಣೆಯ ಅಂಶವು ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು, ಅಣುವಿಗೆ ಅಣು ಬೆಸೆದುಕೊಂಡು ಬಲೆಯಂತಾಗುತ್ತದೆ. ಮುಟ್ಟಿದರೆ ಅಂಟದ ಸ್ಥಿತಿಗೆ ಬರಲು ಕೆಲವು ತಾಸುಗಳು ಸಾಕು. ಒಳಗಿನವರೆಗೆ ಗಟ್ಟಿಯಾಗಲು ವಾರಗಳು ಬೇಕು. ಈ ವ್ಯತ್ಯಾಸವನ್ನು ಮರೆತುದರ ಫಲವನ್ನು ನಾವು ಉಂಡೆವು. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ತುಕ್ಕಿನ ಮಾತು. ರಜೆಯ ಮೊದಲಿನ ಆರು ದಿನಗಳು ಇದಕ್ಕೇ ಹೋದವು. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ತುಕ್ಕಾಗುತ್ತದೆ ಎಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಕಡಲ ಗಾಳಿಯ ಉಪ್ಪು ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಹೀಗಾಗಿ ಬಣ್ಣದ ಅಡಿಯಲ್ಲಿ ಅದು ಬೆಳೆದಂತೆ ಬಣ್ಣವನ್ನು ಒಳಗಿನಿಂದ ಮೇಲಕ್ಕೆತ್ತಿ ಬಿರಿಸುತ್ತದೆ. ಮೇಲೆ ಕಡಲೆಕಾಳಿನಷ್ಟು ಗುಳ್ಳೆ ಕಂಡಲ್ಲಿ, ಕೆರೆದು ನೋಡಿದರೆ ಅಂಗೈಯಷ್ಟು ತುಕ್ಕು ಇರುತ್ತಿತ್ತು. ಅದರ ಮೇಲೆಯೇ ಬಣ್ಣ ಬಳಿದಿದ್ದರೆ ಮುಂದಿನ ಮಳೆಗಾಲಕ್ಕೆ ಎಲ್ಲವೂ ಹಪ್ಪಳದಂತೆ ಎದ್ದುಬರುತ್ತಿತ್ತು.

ತಂತಿಯ ಬ್ರಷ್ಷಿನಿಂದ ತುಕ್ಕನ್ನು ಕೆರೆದು, ಒರಟು ಉಪ್ಪುಕಾಗದದಿಂದ ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆವು. ಎಡಬಾಗಿಲಿನ ಕೆಳಗೆ ತಗಡು ತೂತು ಬಿದ್ದಿತ್ತು. ತೂತನ್ನು ಪುಟ್ಟಿಯಿಂದ ಮುಚ್ಚಿ ಮೋಸ ಮಾಡುವವರೂ ಉಂಟು. ನಾವು ಅಷ್ಟನ್ನು ಮಾತ್ರ ವೆಲ್ಡಿಂಗಿನವನಿಂದ ತೇಪೆ ಹಾಕಿಸಿದೆವು. ತಗ್ಗುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮರದ ತುಂಡಿಗೆ ಸುತ್ತಿದ ಕಾಗದದಿಂದ ಉಜ್ಜಿ ಮಟ್ಟ ಮಾಡಿದೆವು. ಬರಿಗೈಯಿಂದ ಉಜ್ಜಿದರೆ ಬೆರಳುಗಳ ಗುರುತು ತಗ್ಗುದಿಣ್ಣೆಯಾಗಿ ಮೂಡುತ್ತದೆ. ಬಣ್ಣವು ಗಟ್ಟಿಯಾಗಿದ್ದ ಕಡೆಗಳಲ್ಲಿ ಅದನ್ನು ತೆಗೆಯಲಿಲ್ಲ. ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು, ಹೊಸ ಬಣ್ಣಕ್ಕೆ ಹಿಡಿತ ದೊರೆಯುತ್ತದೆ. ಕೊನೆಗೆ ಸಾಬೂನಿನ ನೀರಿನಿಂದ ತೊಳೆದು ಒಣಗಿಸಿ, ಜಿಡ್ಡು ಉಳಿಯದಂತೆ ಟರ್ಪೆಂಟೈನಿನ ಬಟ್ಟೆಯಿಂದ ಒರಸಿದೆವು. ಗಾಜು, ದೀಪ, ರಬ್ಬರುಗಳಿಗೆ ಅಂಟುಪಟ್ಟಿಯನ್ನೂ ಹಳೆಯ ವೃತ್ತಪತ್ರಿಕೆಗಳನ್ನೂ ಹಚ್ಚಿದೆವು.

ಬೆಳ್ಳಗಾದ ತಗಡಿನ ಮೇಲೆಲ್ಲ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಬೇಕು. ಇದರ ಕೆಂಪು ಯಾವುದರದು ಬಲ್ಲಿರಾ? ಕಬ್ಬಿಣದ ಆಕ್ಸೈಡಿನದೇ. ತುಕ್ಕಿನ ನಂಟನೇ ತುಕ್ಕಿಗೆ ಕಾವಲು! ಈಗಾಗಲೇ ಆಕ್ಸೈಡಾಗಿರುವ ವಸ್ತುವು ಮತ್ತೆ ತುಕ್ಕು ಹಿಡಿಯಲಾರದು.

ಇನ್ನು ರೋಲರು. ಗೋಡೆಗೆ ಬಳಸುವ ಉಣ್ಣೆಯಂಥ ದೊಡ್ಡ ರೋಲರು ಇದಕ್ಕೆ ಬಾರದು. 4 ಅಂಗುಲದ, ಸಣ್ಣ ರಂಧ್ರಗಳ ಸ್ಪಂಜಿನ ರೋಲರು ಬೇಕು. ಇದಕ್ಕೊಂದು ಸೊಗಸಾದ ಕಾರಣವಿದೆ. ರೋಲರು ಉರುಳಿದಲ್ಲೆಲ್ಲ ಬಣ್ಣದ ಮೇಲ್ಮೈಯು ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಉಬ್ಬುತಗ್ಗುಗಳಿಂದ ತುಂಬುತ್ತದೆ. ಮಳೆಯ ಹನಿಯನ್ನು ಗುಂಡಗೆ ಮಾಡುವ ಮೇಲ್ಮೈ ಎಳೆತವೇ ಈ ಉಬ್ಬುಗಳನ್ನು ತಗ್ಗುಗಳೊಳಕ್ಕೆ ಹರಿಸಿ ಸಮತಲ ಮಾಡುತ್ತದೆ. ಎರಡು ಉಬ್ಬುಗಳ ನಡುವಣ ಅಂತರವು ಅರ್ಧವಾದರೆ, ಸಮತಲವಾಗಲು ಬೇಕಾಗುವ ಕಾಲವು ಅರ್ಧವಲ್ಲ, 16ರಲ್ಲಿ 1 ಪಾಲಾಗುತ್ತದೆ. ಆದುದರಿಂದ ಸಣ್ಣ ಗುರುತುಗಳು ಕಣ್ಣೆದುರಿಗೇ ಮಾಯವಾಗುತ್ತವೆ. ಒರಟು ರೋಲರಿನ ಅಗಲವಾದ ಗುರುತುಗಳು ಬಣ್ಣ ಒಣಗಿದರೂ ನಿಂತೇ ಇರುತ್ತವೆ.

ಬಣ್ಣದ ಪದರವನ್ನು ದಪ್ಪ ಮಾಡಿದರೂ ಅದು ಬೇಗ ಸಮತಲವಾಗುತ್ತದೆ. ಹಾಗಾದರೆ ಒಮ್ಮೆಗೇ ದಪ್ಪಗೆ ಬಳಿದರಾಗದೇ? ಬಾಗಿಲು ನೆಟ್ಟಗೆ ನಿಂತಿರುವ ವಸ್ತು. ಪದರದ ದಪ್ಪವು 2 ಪಟ್ಟಾದರೆ, ಹಸಿ ಬಣ್ಣದ ಮೇಲ್ಮೈಯು ಕೆಳಗೆ ಜಾರುವ ವೇಗವು 4 ಪಟ್ಟಾಗುತ್ತದೆ; ಬಣ್ಣವು ಕಣ್ಣೀರಿನಂತೆ ಇಳಿಯುತ್ತದೆ. ಉಳಿದ ಉಪಾಯವೊಂದೇ: ಬಣ್ಣವನ್ನು ತೆಳ್ಳಗೆ ಕಲಸಿ, ತೆಳುವಾಗಿ, ಹಲವು ಸಲ ಬಳಿಯುವುದು. ನಾವು 5 ಪಾಲು ಎನಾಮೆಲಿಗೆ 1 ಪಾಲು ಟರ್ಪೆಂಟೈನ್ ಬೆರೆಸಿದೆವು. ಹಾಲಿಗಿಂತ ತುಸು ಮಂದ, ಕೆನೆಗಿಂತ ತೆಳು, ಅದು ಹದ.

ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿ, ಒಂದು ಸಲಕ್ಕೆ ಒಂದು ಭಾಗದಂತೆ, ನೆತ್ತಿಯಿಂದ ಆರಂಭಿಸಿ ಕೆಳಗೆ ಬರುತ್ತಿದ್ದೆವು. ಒಬ್ಬರು ಬಳಿಯುವುದು, ಇನ್ನೊಬ್ಬರು ಅದರ ಹಿಂದೆಯೇ ಭಾರ ಹಾಕದೆ ಒಣ ರೋಲರನ್ನು ಉರುಳಿಸಿ ಗುಳ್ಳೆಗಳನ್ನು ಒಡೆಯುವುದು. ಮೊದಲ ಪದರ ಒಣಗಿದಾಗ ಗಾಡಿಯು ಸಿಡುಬು ಎದ್ದವರಂತೆ ಕಾಣುತ್ತಿತ್ತು. ಕೆಂಪು ಪ್ರೈಮರೆಲ್ಲ ಇಣುಕುತ್ತಿತ್ತು. ಕಾಕಾ ನೋಡಿದರು, ಏನೂ ಅನ್ನಲಿಲ್ಲ. ನಗಲು ಬಂದವರು ಮಾತ್ರ ಬಾಯಿತುಂಬ ಅಂದುಹೋದರು. ಮೂರನೆಯ ಪದರಕ್ಕೆ ಕೆಂಪು ಮುಚ್ಚಿತು, ನಾಲ್ಕನೆಯದಕ್ಕೆ ಕೆನೆಬಣ್ಣವು ನಿಂತಿತು.

ನಾವು ಕೆಟ್ಟದ್ದು ಐದನೆಯ ಪದರದಲ್ಲಿ. ರಜೆ ಮುಗಿಯಲು ನಾಲ್ಕೇ ದಿನಗಳು ಉಳಿದಿದ್ದವು. ಟರ್ಪೆಂಟೈನ್ ತೀರಿತ್ತು. ಗ್ಯಾರೇಜುಗಳಲ್ಲಿ ಡ್ಯೂಕೊಕ್ಕೆ ಬೆರೆಸುವ ಥಿನ್ನರ್ ಬೆರೆಸಿದರೆ ಬೇಗ ಒಣಗುತ್ತದೆಂದು ಯಾರೋ ಹೇಳಿದರು. ನಾವು ಶಿಕ್ಷಕರಾಗಿದ್ದೂ ವಿಚಾರಿಸದೆ, ಬೇಗ ಎಂಬ ಮಾತಿಗೇ ಮರುಳಾದೆವು. ಬಾನೆಟ್ಟಿಗೆ ಬಳಿದು ಚಹಾ ಕುಡಿದು ಬರುವಷ್ಟರಲ್ಲಿ, ಬಾನೆಟ್ಟಿನ ತುಂಬ ಕಾಯಿಸಿ ಆರಿಸಿದ ಹಾಲಿನ ಕೆನೆಯಂತೆ ಸುಕ್ಕು! ಆ ಕಟುವಾದ ಥಿನ್ನರು ಒಳಗೆ ಇನ್ನೂ ಎಳೆಯದಾಗಿದ್ದ ಪದರಗಳೊಳಕ್ಕೆ ಇಳಿದು ಅವುಗಳನ್ನು ಉಬ್ಬಿಸಿ ಎಬ್ಬಿಸಿಬಿಟ್ಟಿತ್ತು. ಪೂರಾ ಗಟ್ಟಿಯಾಗಿದ್ದರೆ ಅವು ತಾಳುತ್ತಿದ್ದವು. ತೀರ ಹಸಿಯಾಗಿದ್ದರೆ ಬೆರೆತುಹೋಗುತ್ತಿದ್ದವು. ನಡುವಣ ಸ್ಥಿತಿಯೇ ಅಪಾಯದ್ದು.

ಕಾಕಾ ಅವರಿಗೆ ಹೇಗೆ ಮುಖ ತೋರಿಸುವುದೆಂದು ನಾವು ಚಿಂತಿಸುತ್ತಿರುವಾಗಲೇ ಅವರು ಬಂದು ಬಾನೆಟ್ಟಿನ ಮೇಲೆ ಬೆರಳಾಡಿಸಿ ನೋಡಿದರು. “ಇಷ್ಟು ದಿನ ನಿಂತೈತಿ, ಇನ್ನೆಂಟು ದಿನ ನಿಂತರ ಏನಾಗ್ತದ? ಕೆರೀರಿ,” ಎಂದರು. ಆ ಸಂಜೆ ಉಪ್ಪುಕಾಗದ ಹಿಡಿದು ಮೊದಲು ಕುಳಿತವರೂ ಅವರೇ. ಬಾನೆಟ್ಟನ್ನು ತಗಡಿನವರೆಗೆ ಕೆರೆದು ಪ್ರೈಮರಿನಿಂದ ಮತ್ತೆ ಆರಂಭಿಸಿದೆವು. ಶಾಲೆಯು ತೆರೆದ ಮೇಲೂ ಎರಡು ಭಾನುವಾರಗಳು ಇದಕ್ಕೆ ಹಿಡಿದವು.

ಎರಡೆರಡು ಪದರಗಳಾದ ಮೇಲೆ ಒಮ್ಮೆ 800 ನಂಬರಿನ ವಾಟರ್ ಪೇಪರನ್ನು ಸಾಬೂನಿನ ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಧೂಳಿನ ಕಣಗಳನ್ನೂ ಸಿಕ್ಕಿಬಿದ್ದ ಸೊಳ್ಳೆಗಳನ್ನೂ ತೆಗೆಯುತ್ತಿದ್ದೆವು. ಒಟ್ಟು ಆರು ಪದರಗಳಾದವು. ಬಳಿಕ ಐದು ವಾರ ಗಾಡಿಯನ್ನು ಮುಟ್ಟಲಿಲ್ಲ. ಜನವರಿಯಲ್ಲಿ 1500, ಆಮೇಲೆ 2000 ನಂಬರಿನ ಕಾಗದದಿಂದ ಉಜ್ಜಿ, ಪಾಲಿಷ್ ಹಚ್ಚಿ ತಿಕ್ಕಿದಾಗ ಹೊಳಪು ಬಂದಿತು.

ಈಗ ಅಪಾಯಗಳ ಮಾತು. ಇದನ್ನು ನೀವು ಓದದೆ ದಾಟಬಾರದು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಕಿಲೋಗ್ರಾಮಿಗೆ 90 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ; ಕಾಕಾ ಅವರ ಗಾಡಿಯು ಅದಕ್ಕಿಂತ ಬಹಳ ಹಳೆಯದು. ಸೀಸದ ಧೂಳು ಮಕ್ಕಳ ಮಿದುಳಿಗೆ ವಿಷ. ಆದುದರಿಂದ ಹಳೆಯ ಬಣ್ಣವನ್ನು ನೀರು ಹಾಕಿಯೇ ಉಜ್ಜಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ನಿಮ್ಮಲ್ಲಿ ಕೆಲವರು ಸಹಾಯಕ್ಕೆಂದು ಬಂದಾಗ ನಾವು ಗದರಿಸಿ ಕಳುಹಿಸಿದ್ದು ಇದಕ್ಕಾಗಿಯೇ. ಮೂಗಿಗೆ ಕಟ್ಟುವ ಸಾಮಾನ್ಯ ಮಾಸ್ಕು ಧೂಳನ್ನು ತಡೆದೀತೇ ಹೊರತು ಟರ್ಪೆಂಟೈನಿನ ಆವಿಯನ್ನು ತಡೆಯಲಾರದು. ಗಾಳಿಯಾಡುವ ಬಯಲಿನಲ್ಲಿಯೇ ಬಳಿಯಬೇಕು. ಇನ್ನೊಂದು ಅಪಾಯವು ಹಲವು ದೊಡ್ಡವರಿಗೂ ತಿಳಿಯದು. ಎನಾಮೆಲ್ ಹೀರಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ, ಆಮ್ಲಜನಕವನ್ನು ಹೀರುವ ಕ್ರಿಯೆಯಲ್ಲಿ ಹುಟ್ಟುವ ಶಾಖವು ಹೊರಹೋಗಲಾರದೆ ಒಳಗೇ ಹೆಚ್ಚುತ್ತ, ಕಿಡಿಯಿಲ್ಲದೆಯೇ ಬೆಂಕಿ ಹತ್ತಬಹುದು. ನಾವು ಅವನ್ನು ನೀರು ತುಂಬಿದ ಡಬ್ಬಿಯಲ್ಲಿ ಹಾಕಿಡುತ್ತಿದ್ದೆವು.

ಹೊಸ ಗಾಡಿಗಳಿಗೆ ಈ ವಿಧಾನವು ಸಲ್ಲದು. ಮಿನುಗುವ ಲೋಹದ ಪುಡಿ ಬೆರೆತ ಬಣ್ಣಗಳನ್ನು ರೋಲರಿನಿಂದ ಬಳಿದರೆ ಪುಡಿಯು ಒಂದೊಂದು ಕಡೆ ಒಂದೊಂದು ತೆರನಾಗಿ ಕುಳಿತು ಮೈಯೆಲ್ಲ ಮಚ್ಚೆಮಚ್ಚೆಯಾಗುತ್ತದೆ. ಬಣ್ಣವನ್ನು ಬದಲಿಸುವುದಾದರೆ ನೋಂದಣಿ ಪತ್ರದಲ್ಲಿಯೂ ಬದಲಾಯಿಸಿಕೊಳ್ಳಬೇಕು. ನಾವು ಮೊದಲಿನ ಕೆನೆಬಣ್ಣವನ್ನೇ ಉಳಿಸಿಕೊಂಡೆವು. ಎನಾಮೆಲಿನ ಹೊಳಪು ಗ್ಯಾರೇಜಿನಲ್ಲಿ ಸಿಂಪಡಿಸುವ ಇಂದಿನ ಬಣ್ಣಗಳಷ್ಟು ಬಾಳುವುದಿಲ್ಲ, ಬಿಸಿಲಿಗೆ ಮಾಸುತ್ತದೆ. ಹತ್ತಿರ ಬಾಗಿ ನೋಡಿದರೆ ಬಾಗಿಲುಗಳ ಅಂಚಿನಲ್ಲಿ ರೋಲರಿನ ಗುರುತುಗಳು ಈಗಲೂ ಕಾಣುತ್ತವೆ. ಐದು ಹೆಜ್ಜೆ ಹಿಂದೆ ಸರಿದು ನೋಡಿದರೆ ಕಾಣುವುದಿಲ್ಲ.

ಎನಾಮೆಲ್, ಪ್ರೈಮರ್, ಪುಟ್ಟಿ, ಕಾಗದ, ರೋಲರುಗಳು, ಹಾಳಾದ ಬಾನೆಟ್ಟಿನ ದಂಡ, ಇವೆಲ್ಲ ಸೇರಿ ನಾಲ್ಕು ಸಾವಿರದ ಒಳಗೆ ಆಯಿತು. ತೇಪೆಯ ಕೂಲಿ ಬೇರೆ. ನಮ್ಮ ದಿನಗಳ ಲೆಕ್ಕವನ್ನು ಇಟ್ಟಿಲ್ಲ. ಫೆಬ್ರವರಿಯಲ್ಲಿ ಗಾಡಿಯು ತಪಾಸಣೆಯಲ್ಲಿ ತೇರ್ಗಡೆಯಾಗಿ ಇನ್ನೈದು ವರ್ಷಗಳ ನೋಂದಣಿಯನ್ನು ಪಡೆಯಿತು. ಗುಜರಿಯವನು ಅದಕ್ಕೆ ಮೊದಲೇ ಒಮ್ಮೆ ಬಂದಿದ್ದನು. ಕಾಕಾ ಅವನಿಗೆ ಚಹಾ ಕೊಟ್ಟು ಕಳುಹಿಸಿದರು.

ಡಬ್ಬಿಯಲ್ಲಿ ಅರ್ಧ ಲೀಟರಿನಷ್ಟು ಬಣ್ಣವು ಉಳಿದಿತ್ತು. ನಮ್ಮ ಶಾಲೆಯ ಸೂಚನಾಫಲಕದ ಚೌಕಟ್ಟಿಗೆ ಈ ವರ್ಷ ಕೆನೆಬಣ್ಣವು ಎಲ್ಲಿಂದ ಬಂದಿತೆಂದು ಕೇಳುತ್ತಿದ್ದಿರಲ್ಲವೇ? ಅಲ್ಲಿಂದಲೇ.